ಇಲ್ಲದ ನೋವಿಗೆ ಕಟ್ಟಿದ ಪಟ್ಟಿ

"ಎಲ್ಲಿ ನೋವು?"

"ಇಲ್ಲಿ..." ಅವಳು ಎಡಗಾಲಿನ ಮೀನಖಂಡ ತೋರಿಸಿದಳು. ಅವನು ಒತ್ತಿ ನೋಡಿದ. "ಅಲ್ಲ... ಸ್ವಲ್ಪ ಮೇಲೆ!"

ತಂಡದ ಹೊಸ ಫಿಸಿಯೋ ತಲೆಯೆತ್ತಿ ಅವಳ ಮುಖ ನೋಡಿದ.

ಅಯ್ಯೋ... ಇವನಿಗೆ ಗೊತ್ತಾಗಿಹೋಯಿತು!

ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್‌ನ ಐದು ಸಾವಿರ ಮೀಟರ್ ಓಟ. ಊರಿನಲ್ಲಿ ಸೋಲೇ ಕಾಣದ ಹತ್ತೊಂಬತ್ತರ ಹುಡುಗಿ ಇಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದಿದ್ದಳು. ಮುಂದಿದ್ದವರು ಒಂದಿಡೀ ಸುತ್ತು ಹೆಚ್ಚು ಓಡಿ ಅವಳ ಬೆನ್ನಿಗೇ ಬಂದಾಗ, ಕಾಲು ಹಿಡಿದುಕೊಂಡು ಕುಸಿದಳು. ಕಾಲಿಗೆ ಏನೂ ಆಗಿರಲಿಲ್ಲ.

ಆದರೂ ಅವನು ಐಸ್ ಇಟ್ಟು ಪಟ್ಟಿ ಕಟ್ಟಿದ. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಫೋನಿನಲ್ಲಿ ಅಮ್ಮ ಅತ್ತರು. "ಪದಕ ಹಾಳಾಗಿ ಹೋಗ್ಲಿ ಪುಟ್ಟಾ... ಕಾಲು ಹುಷಾರು!" ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಮರುದಿನ ತಿಂಡಿಗೆ ಕುಂಟುತ್ತ ಹೋದಳು. ಎದುರಿಗೆ ಬಂದ ಅವನು ಮೆಲ್ಲಗೆ ಅಂದ, "ಕುಂಟಬೇಕಾಗಿರೋದು ಎಡಗಾಲು."

ಎಂಥಾ ಅವಮಾನ! ಗೇಲಿ ಮಾಡುತ್ತಿದ್ದಾನೆ... ಊರಿಗೆಲ್ಲ ಸಾರುತ್ತಾನೆ! ತಟ್ಟೆ ಅಲ್ಲೇ ಬಿಟ್ಟು ಹೊರಟಳು. ಮಧ್ಯಾಹ್ನ ಮಸಾಜ್ ಕೋಣೆಯ ಬಾಗಿಲಲ್ಲಿ ಕೋಚ್ ಸರ್ ದನಿ ಕೇಳಿ ನಿಂತಳು.

"ಓಟಕ್ಕೆ ಮುಂಚೆ ಫಿಟ್ ಅಂದಿದ್ದು ನೀನೇ ತಾನೇ? ಹುಡುಗಿ ಕಾಲು ಹಾಳು ಮಾಡಿದೆ! ಗಂಟುಮೂಟೆ ಕಟ್ಟು!"

ಹೇಳುತ್ತಾನೆ... ಈಗ ಹೇಳಿಯೇ ಬಿಡುತ್ತಾನೆ...

"ತಪ್ಪಾಯ್ತು ಸರ್," ಅಂದ ಅವನು.

ಅವಳಿಗೆ ತಡೆಯಲಾಗಲಿಲ್ಲ. ಒಳಗೆ ನುಗ್ಗಿ ಪಟ್ಟಿ ಕಿತ್ತೆಸೆದಳು. "ಅವರದ್ದೇನೂ ತಪ್ಪಿಲ್ಲ ಸರ್! ನನ್ನ ಕಾಲು ಚೆನ್ನಾಗೇ ಇದೆ. ಕೊನೆಯವಳಾಗೋಕೆ ನಾಚಿಕೆಯಾಗಿ... ಬೇಕಂತಲೇ ಬಿದ್ದೆ."

ಕೋಚ್ ಮುಖ ಕೆಂಪಾಯಿತು. "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ!" ಬಾಗಿಲು ಬಡಿದುಕೊಂಡು ಹೋದರು.

ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಬೆಳಿಗ್ಗೆ ಯಾಕೆ ಗೇಲಿ ಮಾಡಿದ್ರಿ?"

"ಗೇಲಿನಾ? ಹಿಂದೆ ಕೋಚ್ ಸರ್ ಬರ್ತಿದ್ರು... ಸಿಕ್ಕಿಬೀಳ್ತೀರಿ ಅಂತ ನನ್ನ ಜೀವ ಬಾಯಿಗೆ ಬಂದಿತ್ತು!"

"ಅವರು ಬೈದಾಗಲಾದ್ರೂ ನಿಜ ಹೇಳಬಾರದಿತ್ತಾ? ಕೆಲಸ ಹೋಗ್ತಿತ್ತಲ್ಲ..."

"ಮೈದಾನದಲ್ಲಿ ನೀವು ಗಡಗಡ ನಡುಗ್ತಿದ್ರಿ. ಅದನ್ನ ನೋಡಿದ ಮೇಲೆ ನಿಮ್ಮನ್ನ ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ." ಅವನ ಕಿವಿ ಕೆಂಪಾಗಿತ್ತು. "ಇನ್ನೂ ನೇರವಾಗಿ ಹೇಳಬೇಕಾ? ನೀವಂದ್ರೆ ನನಗಿಷ್ಟ."

"ಇಂಥವಳನ್ನಾ? ಇನ್ಮೇಲೆ ತಂಡದಲ್ಲಿ ಯಾರೂ ನನ್ನ ಮಾತಾಡಿಸಲ್ಲ..."

"ನಾನು ಮಾತಾಡಿಸ್ತೀನಲ್ಲ."

"ಎಷ್ಟು ದಿನ?"

"ನೀವು ಸಾಕು ಅನ್ನೋವರೆಗೂ."

ಅವಳು ಕಣ್ಣೊರೆಸಿಕೊಂಡು, ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು.

"ಅನ್ನಲ್ಲ."