ಬೆಂಚಿನ ನಡುವಿನ ಜಾಗ

"ಬಿಡಿ. ನಾನು ತಳ್ಳಿ ಅಂದ್ನಾ?"

ಗಾಲಿಕುರ್ಚಿಯ ಹಿಡಿಕೆಯಿಂದ ಮೇಸ್ತ್ರಿ ಥಟ್ಟನೆ ಕೈ ತೆಗೆದ. ಚರ್ಚಿನ ಮೆಟ್ಟಿಲ ಪಕ್ಕದಲ್ಲಿ ಅವನೇ ಹೊಸದಾಗಿ ಕಟ್ಟಿದ್ದ ಇಳಿಜಾರು ಅದು. ಅರ್ಧ ಹತ್ತುವಷ್ಟರಲ್ಲೇ ಟೈಲರಮ್ಮನ ತೋಳು ಸೋತು, ಕುರ್ಚಿ ಹಿಂದಕ್ಕೆ ಜಾರಿ ಬುಡಕ್ಕೇ ಬಂದಿತ್ತು; ತಳ್ಳೋಣವೆಂದು ಅವನು ಹಿಡಿದಿದ್ದ.

ಅಪಘಾತವಾಗಿ ಮೂರು ವರ್ಷ. ಅಂದಿನಿಂದ ಅವಳ ಪ್ರಾರ್ಥನೆಯೆಲ್ಲ ಚರ್ಚಿನ ಕಿಟಕಿಯ ಹೊರಗೇ. ಎತ್ತಿಕೊಂಡು ಹೋಗುತ್ತೇವೆ ಎಂದವರಿಗೆಲ್ಲ ಬೇಡವೆಂದಿದ್ದಳು. ತನ್ನ ಕೈಯಿಂದಲೇ ಒಳಗೆ ಹೋಗಬೇಕು, ಎಲ್ಲರ ನಡುವೆ ಕೂರಬೇಕು... ಅಷ್ಟೇ ಅವಳ ಆಸೆ.

"ಕಟ್ಟೋ ಮೊದಲು ನನ್ನನ್ನ ಒಂದು ಮಾತು ಕೇಳಿದ್ರಾ? ಇದು ನಿಮ್ಮ ಸಿಮೆಂಟ್ ಗಾಡಿಗೆ ಸರಿ, ನನಗಲ್ಲ."

ಪಾಪ, ಅವನು ಕಟ್ಟಿದ್ದೂ ಸಿಮೆಂಟ್ ಗಾಡಿಯ ಅಳತೆಗೇ! ಹದಿನೈದು ವರ್ಷದ ಕೆಲಸದಲ್ಲಿ ಅವನಿಗೆ ಗೊತ್ತಿದ್ದ ಇಳಿಜಾರು ಅದೊಂದೇ. ತಲೆ ತಗ್ಗಿಸಿ ಹೊರಟುಹೋದ.

ಮರುದಿನ ಇಳಿಜಾರು ಒಡೆದು ಬಿದ್ದಿತ್ತು. ಮೇಸ್ತ್ರಿಯ ಸುಳಿವಿಲ್ಲ. ನಿನ್ನ ಬಾಯಿಗೆ ಹೆದರಿ ಓಡಿಹೋದ ಎಂದು ಮನೆಯಲ್ಲಿ ಅವಳ ಚಿಕ್ಕಮ್ಮ ಬೈದಳು.

ಟೈಲರಮ್ಮನ ಅಂಗಡಿ ಚರ್ಚಿನ ಎದುರಿಗೇ. ಕೆಲಸ ನಡೆದಷ್ಟು ದಿನವೂ ಅವನು ಗುಂಡಿ ಹಾಕಿಸಲು ಅಂಗಿ ತರುತ್ತಿದ್ದ. ವಾರಕ್ಕೆ ಮೂರು ಅಂಗಿ! ಅಷ್ಟು ಬೇಗ ಯಾರ ಗುಂಡಿಯೂ ಉದುರುವುದಿಲ್ಲ ಎಂದು ಗೊತ್ತಿದ್ದೂ ಅವಳು ನಗುತ್ತಾ ಹೊಲಿದುಕೊಟ್ಟಿದ್ದಳು.

'ಇಷ್ಟು ಕಟುವಾಗಿ ಆಡಬೇಕಿತ್ತಾ ನಾನು? ಒಂದ್ಸಲ ಬಂದುಬಿಡಲಿ...' ಹೊಲಿಗೆ ತಪ್ಪುತ್ತಿತ್ತು, ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಕಣ್ಣು ಮಾತ್ರ ಆ ಇಟ್ಟಿಗೆ ಚೂರುಗಳ ಮೇಲೆಯೇ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಅವನು ಅಂಗಡಿ ಬಾಗಿಲಲ್ಲಿ ನಿಂತಿದ್ದ. ಎರಡೂ ಅಂಗೈಯಲ್ಲಿ ಬೊಬ್ಬೆ. ಗಾಲಿಕುರ್ಚಿ ಬಳಸುವವರಿಗೆ ತರಬೇತಿ ಕೊಡುವ ಆಸ್ಪತ್ರೆಯೊಂದಕ್ಕೆ ಹೋಗಿ, ದಿನವಿಡೀ ತಾನೇ ಕುರ್ಚಿಯಲ್ಲಿ ಕೂತು ಹತ್ತಿ ಇಳಿದು ಕಲಿತನಂತೆ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕಂತೆ.

"ತಪ್ಪು ನಂದೇ, ಆ ಇಳಿಜಾರನ್ನ ಅದಕ್ಕೇ ಒಡೆದುಹಾಕ್ದೆ," ಎಂದು ಅಳತೆ ಟೇಪು ಅವಳ ಕೈಗಿಟ್ಟ. "ಈಗ ಕೇಳ್ತಿದ್ದೀನಿ. ನೀವು ಹೇಳಿ, ನಾನು ಕಟ್ತೀನಿ."

ಅವಳು ಕಣ್ಣೊರೆಸಿಕೊಂಡು ಟೇಪು ಬಿಚ್ಚಿದಳು. ಎಲ್ಲಿ ತಿರುಗಬೇಕು, ಎಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕು, ಎಲ್ಲವನ್ನೂ ಅವಳೇ ತೋರಿಸಿದಳು.

ಒಂದು ಶನಿವಾರ ಸಂಜೆ ಕೆಲಸ ಮುಗಿಯಿತು. ಅವಳು ನಿಧಾನವಾಗಿ, ಒಬ್ಬಳೇ, ಬಾಗಿಲು ದಾಟಿದಳು. ಒಳಗಿನ ಮೇಣದ ವಾಸನೆಗೆ ಮೂರು ವರ್ಷದ ಅಳು ಒಮ್ಮೆಲೇ ಬಂತು.

ಗಾಲಿಕುರ್ಚಿಯವರನ್ನು ಕೊನೆಯ ಗೋಡೆಗೆ ಒತ್ತಿ ಕೂರಿಸುತ್ತಾರೆ ಎಂದುಕೊಂಡಿದ್ದಳು. ಮೇಸ್ತ್ರಿ ಮಧ್ಯದ ಸಾಲಿಗೆ ಕರೆದ. ಪಾದ್ರಿಗಳನ್ನು ಕೇಳಿ ಒಂದು ಬೆಂಚನ್ನು ನಡುವೆ ಕತ್ತರಿಸಿದ್ದ. ಸರಿಯಾಗಿ ಅವಳ ಕುರ್ಚಿಯಷ್ಟು ಜಾಗ.

"ಪಕ್ಕದಲ್ಲಿ ಯಾರು ಕೂರ್ತಾರೋ... ಅದನ್ನೂ ನೀವೇ ಹೇಳ್ಬೇಕು," ಎಂದ.

"ಕೂತ್ಕೊಳ್ಳಿ."

"ನಾಳೆ ಒಂದಿನ ಮಾತ್ರಾನಾ?"

ಅವಳು ಅವನ ಒರಟು ಅಂಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ನನಗಿರೋ ಎಲ್ಲಾ ಭಾನುವಾರಾನೂ."