ಬುಂದಿಯ ಮನೆಯೊಳಗಿನ ಕೌದಿ

ರೊಟ್ಟಿ ಹಂಚಿನ ಮೇಲಿತ್ತು. ನೀರದ್ದಿದ ಅರಿವೆಯಿಂದ ಅದರ ಮೈ ಸವರುವ ಹೊತ್ತಿಗೆ ಸರಿಯಾಗಿ ಪಡಸಾಲೆಯಲ್ಲಿ ನಾಯಿಮರಿ ಬುಂದಿ ಅಳಲು ಶುರುಮಾಡಿತು.

“ಲುಂಬಿನಿ, ನೋಡವ್ವ ಸ್ವಲ್ಪ.”

“ಈಗಷ್ಟೇ ಅದರ ಮನಿ ಬಾಗಲಾ ಹಾಕೀನಿ ಮಮ್ಮಿ. ಒಳಗ ನಿಂದ್ರವಲ್ದು,” ಎಂದಳು ಮಗಳು. ಅವಳ ದನಿಯೂ ಅಳುವಂತಿತ್ತು.

ಅಷ್ಟರಲ್ಲಿ ಗೋಡೆಯಾಚೆಯಿಂದ ನೆರೆಮನೆಯ ಲತೀಫಾ ಆಪಾ ಕೂಗಿದಳು. “ಏ ಸುಮಂಗಲಾ! ಒಳಗ ನಾಯಿಮರಿ ಅಳ್ಳಿಕತ್ತದ, ಹೊರಗ ಪಿಂಜರಾ ಮಾಡಿಕೊಟ್ಟಾಂವ ನಿಂತಾನ. ಮೊದಲ ಯಾರಿಗಿ ನೋಡ್ತಿ?”

ರೊಟ್ಟಿ ಹೊತ್ತಿತು.

ಬಾಗಿಲಲ್ಲಿ ದಿಲೀಪ ನಿಂತಿದ್ದರು. ಸ್ಟೇಷನ್ ರಸ್ತೆಯಲ್ಲಿ ಅವರದು ಗ್ರಿಲ್ ಅಂಗಡಿ. ವೆಲ್ಡಿಂಗ್ ಕಿಡಿ ಹಾರಿ ತೂತಾದ ಅಂಗಿಯನ್ನು ರಫೂ ಮಾಡಿಸಲು ಒಮ್ಮೆ ನನ್ನ ಹೊಲಿಗೆ ಮಷೀನಿನ ಮುಂದೆ ಬಂದು ನಿಂತವರು, ಆಮೇಲೆ ಬರುವುದನ್ನು ಬಿಡಲೇ ಇಲ್ಲ. ಯಾವ ವೆಲ್ಡರನ ಅಂಗಿಯೂ ವಾರ ವಾರ ಅಷ್ಟು ಅಂದವಾಗಿ, ಎದೆಯ ಮೇಲೆಯೇ ಸುಡುವುದಿಲ್ಲ ಎಂಬುದು ಲತೀಫಾ ಆಪಾಳ ವಾದ. ನಾನು ಅವರನ್ನು ಕೇಳಿರಲಿಲ್ಲ. ಕೇಳಿದರೆ ಅಂಗಿ ಬರುವುದು ನಿಂತುಹೋದೀತೆಂಬ ಭಯ.

“ಗಲ್ಲದ ಮ್ಯಾಲ ಹಿಟ್ಟು ಹತ್ಯದ್ರಿ, ಟೇಲರ್ ಬಾಯಿ.”

“ಎಲ್ಲಿ?”

“ಹೇಳಂಗಿಲ್ರಿ. ಇರ್ಲಿ, ಛಲೋ ಕಾಣ್ತದ.”

ಮಗಳು ಇದ್ದಾಗ ನಾನು ಟೇಲರ್ ಬಾಯಿ, ಇಲ್ಲದಾಗ ಸುಮಾ. ನನಗೆ ಅವರು ಯಾವಾಗಲೂ ‘ನೀವು’. ಲುಂಬಿನಿ ಮಾತ್ರ ಅವರನ್ನು ಏನೂ ಕರೆಯುವುದಿಲ್ಲ. ಅಂಕಲ್ ಎಂದಿಲ್ಲ, ಮಾಮಾ ಎಂದಿಲ್ಲ. ಅವರು ಬಂದರೆ ಅವಳ ನೋಟ ನೆಲಕ್ಕೆ ಇಳಿಯುತ್ತದೆ. ಇಂದಿನವರೆಗೆ ಒಂದು ಮಾತೂ ಆಡಿದವಳಲ್ಲ.

ಬುಂದಿ ನಮ್ಮ ಓಣಿಯಲ್ಲೇ ಸಿಕ್ಕ ಮರಿ. ಕಲ್ಲು ತುಂಬಿದ ಟ್ರ್ಯಾಕ್ಟರುಗಳು ಹಗಲೆಲ್ಲ ಓಡಾಡುವ ಓಣಿಯಿದು. ಮರಿ ಹೊಸ್ತಿಲು ದಾಟಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕೇ ದಿಲೀಪ ಅಂಗಡಿಯಲ್ಲಿ ಉಳಿದ ಸರಳುಗಳಿಂದ ಒಂದು ಗೂಡು ಬೆಸೆದು, ತಳಕ್ಕೆ ತಗಡು ಹಾಕಿ, ಯಾರದೋ ಕಿಟಕಿಗೆ ಹಚ್ಚಿ ಮಿಕ್ಕ ಹಸಿರು ಬಣ್ಣ ಬಳಿದು ತಂದಿದ್ದರು. ಮರಿಗೆ ಗೂಡಿನ ರೂಢಿ ಮಾಡಿಸುವ ಕ್ರೇಟ್ ಟ್ರೇನಿಂಗನ್ನು ಮೊಬೈಲಿನಲ್ಲಿ ನೋಡಿ ಬಂದು ನನಗೂ ಹೇಳಿಕೊಟ್ಟಿದ್ದರು. ಹಿಡಿದು ಒಳಗೆ ತಳ್ಳಬಾರದು. ಬಾಗಿಲು ತೆರೆದಿಟ್ಟು ಒಳಗೊಂದು ರೊಟ್ಟಿಚೂರು ಇಡಬೇಕು. ತಾನಾಗಿ ಹೋಗಲಿ, ತಾನಾಗಿ ಬರಲಿ. ಹೆದರಿಕೆ ಹೋದ ಮೇಲೆ ಬಾಗಿಲು ಹಾಕಿದರಾಯಿತು. ಬುದ್ಧನ ಫೋಟೋದ ಕೆಳಗೆ, ಗಾಳಿ ಬರುವ ಜಾಗದಲ್ಲಿ ಅದನ್ನು ಇಟ್ಟಿದ್ದೆವು. ಪಿಂಜರಾ ಎಂದರೆ ಲುಂಬಿನಿಗೆ ಸಿಟ್ಟು. “ಅದು ಬುಂದಿ ಮನಿ” ಎನ್ನುತ್ತಾಳೆ.

ದಿಲೀಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ದನಿ ತಗ್ಗಿತು.

“ಸುಮಾ, ಅವ್ವ ಐನಾಪುರದಾಗ ಒಂದು ಹುಡುಗಿ ನೋಡ್ಯಾಳ. ಐತವಾರ ಹೋಗೂಣು ಅಂತ ಹಟ ಹಿಡದಾಳ. ಏನಂತ ಹೇಳ್ಲಿ?”

ಕೈಯಲ್ಲಿದ್ದ ಹಿಟ್ಟಿನ ಉಂಡೆ ಬಿರುಕು ಬಿಟ್ಟಿತು.

“ಹುಡುಗಿ ಹ್ಯಾಂಗಿದ್ದಾಳಂತ?”

“ಹೊಲಿಗಿ ಬರಂಗಿಲ್ಲಂತ.”

ನಗು ಬಂತು. ಬಿರುಕು ಬಿಟ್ಟ ಉಂಡೆಯನ್ನು ಮತ್ತೆ ನಾದಿದೆ.

“ನಾ ಮೊದಲೇ ಹೇಳೀನಲ್ರಿ. ಲಗ್ನ ಆಗಿ ನೀವು ಈ ಮನಿಗಿ ಬರೂದನ್ನ ಲುಂಬಿನಿ ತಾನೇ ಬಾಯಿ ಬಿಟ್ಟು ಕೇಳಬೇಕು. ನಾ ಹೇಳಿ ಒಪ್ಪಿಸಿದ್ರ ತಳ್ಳಿದಂಗ ಆಗ್ತದ.”

“ನಾಯಿಮರಿಕಿಂತ ನಂದೇ ಭಾಳ ದಿನದ ಟ್ರೇನಿಂಗ್ ಆತು ನೋಡು,” ಎಂದರು. ತಮಾಷೆಯ ಮಾತೇ, ಆದರೆ ನನ್ನ ಕಣ್ಣು ತಪ್ಪಿಸಿ ಹೇಳಿದರು. “ಆಕಿ ಎಂದೂ ಕೇಳಲಿಲ್ಲಂದ್ರ?”

ಹೂಂ ಎನ್ನಲು ನನ್ನ ಮನಸ್ಸು ಎಂದೋ ತಯಾರಾಗಿತ್ತು. ಆದರೆ ಈ ಮನೆಯಲ್ಲಿ ನಾನೊಬ್ಬಳೇ ಇಲ್ಲವಲ್ಲ.

ಮತ್ತೆ ಬುಂದಿಯ ಅಳು. ಅವರು ಹೋಗಿ ಗೂಡಿನ ಮುಂದೆ ಕೂತರು. ಮರಿ ನಾಲಿಗೆ ಹೊರಹಾಕಿ ತೇಕುತ್ತಿತ್ತು. ನಮ್ಮ ಸೀಮೆಯ ಮೇ ತಿಂಗಳು. ಬೆಳಿಗ್ಗೆಯೇ ಗೋಡೆ ಕಾಯುತ್ತದೆ.

“ಅಯ್ಯ, ಇಂಥಾ ಝಳದಾಗ ಈ ದಪ್ಪ ಕೌದಿ ಯಾರು ಹಾಸ್ಯಾರ? ಮ್ಯಾಲ ಉಚ್ಚಿ ಬ್ಯಾರೆ ಹೊಯ್ದದ,” ಎನ್ನುತ್ತ ಕೌದಿಯನ್ನು ಎಳೆದು, ನೆಲ ಒರೆಸುವ ಬಟ್ಟೆಯಿದ್ದ ಬಕೆಟ್ಟಿಗೆ ತುರುಕಿದರು.

ನಾನು “ಬ್ಯಾಡ್ರಿ” ಎನ್ನುವಷ್ಟರಲ್ಲಿ ಆಗಿಹೋಗಿತ್ತು.

ಅದು ನಾನು ಹೊಲಿದ ಕೌದಿ. ಲುಂಬಿನಿಯ ಅಪ್ಪ ಅಜಯಕುಮಾರ ತೀರಿಕೊಂಡ ವರ್ಷ ಅವರ ಅಂಗಿಗಳನ್ನೆಲ್ಲ ಬಿಚ್ಚಿ, ಚೌಕಾಕಾರ ಕತ್ತರಿಸಿ, ಕೈಯಿಂದಲೇ ಹೊಲಿದದ್ದು. ನಡುವಿನ ನೀಲಿ ಗೆರೆಯ ತುಂಡಿಗೆ ಜೇಬನ್ನು ಹಾಗೇ ಬಿಟ್ಟಿದ್ದೆ. ಆ ಜೇಬಿನೊಳಗೆ ಕೈಯಿಟ್ಟುಕೊಂಡೇ ಮಗಳು ಮಲಗುತ್ತಾಳೆ. ತಾಯಿಯಿಲ್ಲದ ಮರಿಗೆ ನಿದ್ದೆ ಬರಲೆಂದು, ತನ್ನಲ್ಲಿದ್ದ ಎಲ್ಲಕ್ಕಿಂತ ಮೆತ್ತನೆಯದನ್ನು ಅವಳೇ ತಂದು ಹಾಸಿದ್ದಳು. ಸೆಕೆಗೆ ಆಗದು ಎಂದು ಗೊತ್ತಿದ್ದರೂ ತೆಗೆ ಎನ್ನಲು ನನಗೆ ಬಾಯಿ ಬಂದಿರಲಿಲ್ಲ.

ಲುಂಬಿನಿ ಓಡಿ ಬಂದಳು. ಬಕೆಟ್ಟಿನಿಂದ ಕೌದಿ ಎತ್ತಿ ಎದೆಗವಚಿಕೊಂಡಳು. ಕೊಳೆನೀರು ಫ್ರಾಕಿನ ಮೇಲೆ ಇಳಿಯಿತು. ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಅವು ಯಾರ ಅಂಗಿಗಳೆಂದು ಮೆಲ್ಲಗೆ ಹೇಳಿದೆ. ದಿಲೀಪರ ಮುಖ ಬಿಳಿಚಿತು.

“ನನಗ ಗೊತ್ತಿರಲಿಲ್ಲ ಸುಮಾ. ಬಾಗಲಾ ಬಡೀಲೇನು? ತಪ್ಪಾತು ಅಂತೀನಿ.”

“ಬ್ಯಾಡ್ರಿ. ಈಗ ಹೋಗ್ರಿ.”

ಹೋದರು. ಮೆಟ್ಟಿಲಿಳಿಯುವಾಗ ಒಮ್ಮೆ ತಿರುಗಿದರು. ನಾನು ನೋಡಲಿಲ್ಲ ಎಂದುಕೊಂಡಿರಬೇಕು. ನೋಡಿದೆ.

ಉಳಿದ ರೊಟ್ಟಿ ಬಡಿದೆ, ಭಾಂಡೆ ತಿಕ್ಕಿದೆ. ಒಳಕೋಣೆಯ ಬಾಗಿಲ ಬಳಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇಟ್ಟು, ಅಲ್ಲೇ ಗೋಡೆಗೊರಗಿ ಬ್ಲೌಸಿಗೆ ಹುಕ್ಕು ಹಚ್ಚುತ್ತ ಕೂತೆ. ಬಾ ಎಂದು ಕರೆಯಲಿಲ್ಲ. ಐತವಾರ ಐನಾಪುರಕ್ಕೆ ಹೊರಟ ದಿಲೀಪ ಕಣ್ಣ ಮುಂದೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಎಲ್ಲೂ ತೂತಿಲ್ಲ. ಸೂಜಿ ಬೆರಳಿಗೆ ಚುಚ್ಚಿತು.

ತುಸು ಹೊತ್ತಿಗೆ ಬಾಗಿಲು ಸರಿಯಿತು. ಒಂದು ಸಣ್ಣ ಕೈ ಹೊರಬಂದು ತಟ್ಟೆಯನ್ನು ಒಳಗೆಳೆದುಕೊಂಡಿತು. ಚಿಲಕ ಮತ್ತೆ ಬೀಳಲಿಲ್ಲ.

ಬಿಸಿಲು ಇಳಿಯುವ ಮುನ್ನ ದಿಲೀಪ ಮತ್ತೆ ಬಂದರು. ಹೆಗಲ ಮೇಲೊಂದು ಚಪ್ಪಟೆ ಫರ್ಸಿ ಕಲ್ಲು. ಪಾಲಿಶ್ ಮಾಡುವ ಕಡೆ ಹೋಗಿ, ಗೂಡಿನ ಅಳತೆಗೆ ಕತ್ತರಿಸಿ, ಮರಿಗೆ ತರಚದಂತೆ ಮೂಲೆ ಉಜ್ಜಿಸಿ ತಂದಿದ್ದರು. ನಮ್ಮ ಶಹಾಬಾದದಲ್ಲಿ ಈ ಕಲ್ಲು ನೆಲಕ್ಕೂ ಬೇಕು, ಮೆಟ್ಟಿಲಿಗೂ ಬೇಕು, ಅಡುಗೆ ಕಟ್ಟೆಗೂ ಬೇಕು. ನಾಯಿಗೆ ಹಾಸಿಗೆಯಾದದ್ದನ್ನು ನಾನು ನೋಡಿದ್ದು ಅಂದೇ. ತಗಡಿನ ಮೇಲೆ ಅದನ್ನು ಕೂಡಿಸಿ, ಒದ್ದೆ ಅರಿವೆಯಿಂದ ಒರೆಸಿ, ಹಿಂದೆ ಸರಿದು ಕೂತರು. ಮರಿಯನ್ನು ಕರೆಯಲಿಲ್ಲ. ನನ್ನನ್ನೂ ನೋಡಲಿಲ್ಲ.

ಬುಂದಿ ಮೂಸಿತು. ಒಂದು ಕಾಲಿಟ್ಟು ಹಿಂತೆಗೆಯಿತು. ಮತ್ತೆ ಇಟ್ಟಿತು. ಆಮೇಲೆ ಪೂರಾ ಒಳಹೊಕ್ಕು, ತಣ್ಣನೆಯ ಕಲ್ಲಿಗೆ ಹೊಟ್ಟೆ ಅಂಟಿಸಿ, ನಾಲ್ಕೂ ಕಾಲು ಚಾಚಿ ಬಿದ್ದುಕೊಂಡಿತು.

ಒಳಕೋಣೆಯ ಬಾಗಿಲ ಸಂದಿಯಲ್ಲಿ ಎರಡು ಕಣ್ಣು ಕಂಡವು.

“ಕೌದಿ ಮೆತ್ತಗದ,” ಮರಿಗೆ ಹೇಳುವವರಂತೆ ಹೇಳಿದರು ದಿಲೀಪ. “ಈ ಬಿಸಿಲಿಗಿ ಬ್ಯಾಡ, ಅಷ್ಟೇ. ಆದ್ರ ಅದು ಯಾರದಂತ ಕೇಳದೇ ನಾ ಕೈ ಹಚ್ಚಬಾರದಿತ್ತು. ತಪ್ಪಾತು.”

ಎದ್ದು ಕೈ ಝಾಡಿಸಿಕೊಂಡರು. “ಬರ್ತೀನ್ರಿ, ಟೇಲರ್ ಬಾಯಿ.”

ಹೊಸ್ತಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು. ಕಲ್ಲಿನ ಅಂಚು ತಾಗಿ ಹೆಗಲ ಬಳಿ ಅಂಗಿ ಹರಿದಿತ್ತು. ಇದೊಂದು ಮಾತ್ರ ಬೇಕಂತಲೇ ಮಾಡಿಕೊಂಡದ್ದಲ್ಲ. ಹೊಲಿದು ಕೊಡ್ತೀನಿ, ನಿಂದರ್ರಿ ಎನ್ನಲು ಬಾಯಿ ತೆರೆದೆ.

ಒಳಕೋಣೆಯ ಬಾಗಿಲು ಪೂರ್ತಿ ತೆರೆಯಿತು. ಲುಂಬಿನಿ ಕೌದಿ ಹೊದ್ದುಕೊಂಡೇ ಬಂದಳು. ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕಲ್ಲನ್ನು ಅಂಗೈಯಿಂದ ಮುಟ್ಟಿ ನೋಡಿದಳು. ಬುಂದಿ ಕಣ್ಣು ತೆರೆಯಲೂ ಇಲ್ಲ. ಆಮೇಲೆ ಎದ್ದು ಅವರತ್ತ ತಿರುಗಿದಳು. ಅವಳ ಒಂದು ಕೈ ನೀಲಿ ಗೆರೆಯ ಜೇಬಿನಲ್ಲೇ ಇತ್ತು. ನೋಟ ನೆಲ ಬಿಟ್ಟು ಮೆಲ್ಲನೆ ಮೇಲೇರಿ, ಮೊದಲ ಸಲ ಅವರ ಮುಖದ ಮೇಲೆ ನಿಂತಿತು.

“ನೀವು ನಮ್ಮ ಮನ್ಯಾಗ ಇರ್ಲಿಕ್ಕ ಬಂದ್ರ,” ಎಂದಳು, “ನಮ್ಮ ಪಪ್ಪಾನ ಕೌದಿ ಎಲ್ಲಿ ಇಡ್ತೀರಿ?”