ಕೊನೆಯ ಸಾಲಿನ ಕ್ಲಾರಿನೆಟ್

ಬ್ಯಾಂಡ್ ಮಾಸ್ಟರ್ ಸೀಟಿ ಊದಿದ್ದೇ ತಡ, ಮೊದಲ ಸಾಲಿನ ಹೊಸ ಟ್ರಾಂಬೋನಿನವನು ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿದ. ಹಿಂದಿನ ಸಾಲುಗಳ ನಡುವೆ ನುಗ್ಗಿದ ಅವನ ವಾದ್ಯದ ಉದ್ದನೆಯ ಕೊಳವೆ ಸೀದಾ ಬಂದು, ನಾಲ್ಕನೇ ಸಾಲಿನ ಕ್ಲಾರಿನೆಟ್ ಹುಡುಗಿಯ ಟೋಪಿಯನ್ನು ಹಾರಿಸಿತು.

"ಕಣ್ಣಿಲ್ವಾ ನಿಮಗೆ?"

"ಇದೆ. ಅದರಿಂದಲೇ ತೊಂದರೆ ಆಗಿದ್ದು," ಎಂದ ಅವನು, ಟೋಪಿ ಎತ್ತಿಕೊಡುತ್ತಾ.

ಪಕ್ಕದಲ್ಲಿ ಪಿಕೊಲೊ ಎಂಬ ಪುಟ್ಟ ಕೊಳಲು ಹಿಡಿದಿದ್ದ ಪಿಕೊಲೊ ಅಕ್ಕ ಕಿಸಕ್ಕನೆ ನಕ್ಕಳು. ಬ್ಯಾಂಡಿನವರೆಲ್ಲ 'ಗುಬ್ಬಿ' ಎಂದು ಕರೆಯುವ ಆ ಹುಡುಗಿಯ ಕಿವಿ ಕೆಂಪಾಯಿತು.

ಸೀಟಿ ಬಿದ್ದರೆ ಮುಂದಿನ ಸಾಲು ತಿರುಗಿ, ಹಿಂದಿನವರ ಸಂದಿಗಳಲ್ಲಿ ತೂರಿ ಬರಬೇಕು. ಅವರಿಬ್ಬರು ಎದುರುಬದುರಾಗುತ್ತಿದ್ದುದು ಎರಡೇ ಎರಡು ಹೆಜ್ಜೆ. ಹಗಲಲ್ಲಿ ಅವನು ಲಿಫ್ಟ್ ರಿಪೇರಿ ಮಾಡುತ್ತಿದ್ದ, ಅವಳು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುತ್ತಿದ್ದಳು. ಶನಿವಾರ ಬಂತೆಂದರೆ ಆ ಎರಡು ಹೆಜ್ಜೆಗಾಗಿ ಕಾಯುವುದೇ ಅವಳ ಕೆಲಸವಾಯಿತು. ಬಾಯಲ್ಲಿ ಕ್ಲಾರಿನೆಟ್ ಇಟ್ಟುಕೊಂಡು ನಗುವುದು ಎಷ್ಟು ಕಷ್ಟ ಅಂತ ಊದಿದವರಿಗೇ ಗೊತ್ತು!

ಹೀಗೆ ಎರಡು ತಿಂಗಳು. ಆಮೇಲೆ ಒಂದು ದಿನ ಮಾಸ್ಟರ್ ನಾಲ್ಕು ಜನ ಕ್ಲಾರಿನೆಟ್‌ನವರನ್ನು ಕರೆದು ನಿಲ್ಲಿಸಿದರು.

"ಬೀದೀಲಿ ನಿಮ್ಮ ಸ್ವರ ಯಾರ ಕಿವಿಗೂ ಬೀಳ್ತಿಲ್ಲ. ಬರೋ ಮೆರವಣಿಗೇಲೂ ಹೀಗೇ ಆದ್ರೆ ನಾಲ್ಕೂ ಜನಕ್ಕೆ ಬಾವುಟ ಕೊಡ್ತೀನಿ, ಹಿಡ್ಕೊಂಡು ನಡೀರಿ."

ಹನ್ನೆರಡು ವರ್ಷ ಊದಿದವಳ ಕೈಗೆ ಬಾವುಟ... ಸೈಕಲ್ ನಿಲ್ಲಿಸುವಲ್ಲಿ ಅವನೊಬ್ಬನಿಗೆ ಹೇಳಿಕೊಂಡಳು.

"ಬಾವುಟ ಹಿಡಿಯೋಕೆ ನಾನು ಬರಲ್ಲ. ಬ್ಯಾಂಡೇ ಬಿಟ್ಟುಬಿಡ್ತೀನಿ."

ಮುಂದಿನ ಶನಿವಾರ ಅವನು ಕಾಲು ಉಳುಕಿದೆಯೆಂದು ಬೀದಿಯ ಅಭ್ಯಾಸಕ್ಕೆ ಬರಲಿಲ್ಲ. ಅದರ ಮರುವಾರ ಹೊಸ ಸಾಲುಗಳ ಪಟ್ಟಿ ಗೋಡೆಗೆ ಬಿತ್ತು. ಕ್ಲಾರಿನೆಟ್‌ಗಳು ಎಲ್ಲರಿಗಿಂತ ಹಿಂದೆ, ಕಟ್ಟಕಡೆಯ ಸಾಲಿನಲ್ಲಿ!

"ಇದು ಮಾಸ್ಟರ ತಲೆಯಿಂದ ಬಂದಿದ್ದಲ್ಲ ಕಣೇ," ಎಂದಳು ಪಿಕೊಲೊ ಅಕ್ಕ ಮೆಲ್ಲಗೆ. "ನಿನ್ನ ಟ್ರಾಂಬೋನೇ ಹೋಗಿ ಹೇಳ್ದ, ಅವರನ್ನ ಕೊನೇಗೆ ಹಾಕಿ ಅಂತ. ನಾನು ಬಾಗ್ಲಲ್ಲೇ ಇದ್ದೆ."

ನಂಬಿ ಹೇಳಿಕೊಂಡದ್ದಕ್ಕೆ ಇದಾ ಬಹುಮಾನ?

ಅವನು ಓಡೋಡಿ ಬಂದ. "ಒಂದ್ನಿಮಿಷ, ನಾನು ಹೇಳೋದು ಕೇಳಿ..."

"ಬೇಡ. ಬಾಲಕ್ಕೆ ಕಟ್ಟಿ ಆಯ್ತಲ್ಲ, ಇನ್ನೇನಿದೆ?"

ಅಲ್ಲಿಂದ ಮುಂದೆ ಅವನು ಎದುರು ಬಂದಾಗಲೆಲ್ಲ ಅವಳು ತನ್ನ ಬೂಟನ್ನೇ ನೋಡುತ್ತಿದ್ದಳು. ಬೂಟಿಗೆ ಅಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.

ಮೆರವಣಿಗೆಯ ದಿನ ಬಂತು. ಇದೇ ಕೊನೆ ಎಂದು ನಿಶ್ಚಯಿಸಿಕೊಂಡೇ ಅವಳು ಹೆಜ್ಜೆ ಹಾಕಿದಳು.

ಬೀದಿಯ ಎರಡೂ ಕಡೆ ಜನ. ಟ್ರಾಂಬೋನು, ಟ್ರಂಪೆಟ್‌ಗಳು ಗದ್ದಲವೆಬ್ಬಿಸುತ್ತಾ ಮುಂದೆ ಸಾಗಿದವು. ಅವುಗಳ ಬಾಯಿಗಳೆಲ್ಲ ಮುಂದಕ್ಕೆ ತಿರುಗಿದ್ದವು. ಹಿಂದೆ ಉಳಿದದ್ದು ನಾಲ್ಕು ಕ್ಲಾರಿನೆಟ್‌ಗಳು ಮಾತ್ರ. ಅವಳು ಊದಿದಳು.

ಸಲೂನಿನ ಬಾಗಿಲಿಗೆ ಒರಗಿದ್ದ ಕ್ಷೌರಿಕ ಒಳಗೆ ಹೋಗಲು ತಿರುಗಿದ್ದವನು ಅಲ್ಲೇ ನಿಂತ. ಕೈಯಲ್ಲಿದ್ದ ಬಾಚಣಿಗೆಯಿಂದ ಬಾಗಿಲಿಗೆ ತಾಳ ಹಾಕತೊಡಗಿದ. ಪಕ್ಕದ ಮನೆಯ ಮುಂದೆ ಕುರ್ಚಿ ಹಾಕಿ ಕೂತಿದ್ದ ಅಜ್ಜಿಯೊಬ್ಬಳು ಅವಳ ಸ್ವರಕ್ಕೇ ಗುನುಗಿದಳು.

ಕೇಳಿಸ್ತಿದೆ... ನಮ್ಮ ಸ್ವರ ಕೇಳಿಸ್ತಿದೆ!

ಮಾಸ್ಟರ್ ಪಕ್ಕದಿಂದ ಹಿಂದೆ ಬಂದು, ಕೊನೆಯ ಸಾಲಿನ ಜೊತೆ ಹತ್ತು ಹೆಜ್ಜೆ ನಡೆದರು. "ಬಾವುಟಕ್ಕೆ ಬೇರೆಯವರನ್ನ ಹುಡುಕ್ತೀನಿ ಬಿಡ್ರಮ್ಮ," ಎಂದು ಗೊಣಗಿ ಹೋದರು.

ಬೀದಿಯ ತುದಿಯಲ್ಲಿ ಸೀಟಿ ಬಿತ್ತು. ಅವನು ಇಡೀ ಬ್ಯಾಂಡನ್ನು ದಾಟಿಕೊಂಡು ಕೊನೆಯ ಸಾಲಿಗೆ ಬಂದ. ಈ ಸಲ ಅವಳು ಬೂಟು ನೋಡಲಿಲ್ಲ. ಅವನನ್ನೇ ನೋಡಿದಳು, ಕಣ್ಣು ತುಂಬಿತು, ಉಸಿರು ತಪ್ಪಿತು, ಕ್ಲಾರಿನೆಟ್ ಬಾತುಕೋಳಿಯಂತೆ ಕಿರುಚಿತು.

ಎಲ್ಲ ಮುಗಿದ ಮೇಲೆ, ವಾದ್ಯಗಳ ಕೋಣೆಯಲ್ಲಿ ಅವಳೇ ಅವನ ಬಳಿ ಹೋದಳು.

"ಹಿಂದೆ ನಿಂತ್ರೆ ನಮ್ಮ ಸ್ವರ ಕೇಳಿಸುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಆ ಶನಿವಾರ ನಂಗೆ ಕಾಲು ಉಳುಕಿರ್ಲಿಲ್ಲ. ಫುಟ್‌ಪಾತ್ ಮೇಲೆ ನಿಂತು ಕೇಳ್ದೆ. ನಿಮ್ಮ ಬೆರಳು ಆಡೋದು ಕಾಣ್ತಿತ್ತು, ಸ್ವರ ಮಾತ್ರ ಬರ್ಲಿಲ್ಲ. ಟ್ರಂಪೆಟ್‌ಗಳ ಬಾಯೆಲ್ಲ ನಿಮ್ಮ ಬೆನ್ನಿಗೇ ಇತ್ತು." ಅವನು ತಲೆ ತಗ್ಗಿಸಿದ. "ನೋಡೋಕಾಗ್ಲಿಲ್ಲ ನಂಗೆ."

"ಮೊದ್ಲೇ ಹೇಳ್ಬಾರ್ದಿತ್ತಾ?"

"ಮಾಸ್ಟರ್ ಒಪ್ತಾರೋ ಇಲ್ವೋ, ಸುಮ್ನೆ ಆಸೆ ಹುಟ್ಟಿಸೋದು ಬೇಡ ಅಂತ... ಒಪ್ಪಿದ್ಮೇಲೆ ಹೇಳೋಕೆ ಬಂದೆ. ನೀವು ಬಿಟ್ರಾ?"

"ಕೋಪ ಮೂಗಿನ ತುದೀಲೇ ಇರುತ್ತೆ ನಂಗೆ. ತಪ್ಪಾಯ್ತು."

"ಇರ್ಲಿ ಬಿಡಿ. ಆ ಕೋಪದ ಸಮೇತ ಇಷ್ಟ ಆಗಿಬಿಟ್ಟಿದೀರಿ. ನಾನೇನ್ ಮಾಡ್ಲಿ?"

ಅವಳು ಕ್ಲಾರಿನೆಟ್ಟನ್ನು ಒರೆಸಿದಳು. ಆಗಲೇ ಒರೆಸಿ ಆಗಿತ್ತು, ಆದರೂ ಒರೆಸಿದಳು.

"ನಂಗೂ ಅಷ್ಟೇ," ಎಂದಳು. "ನಾಳೆ ಅಂಗಡಿಗೆ ರಜೆ. ಮನೇಗೆ ಬನ್ನಿ, ಅಮ್ಮ ಇರ್ತಾಳೆ."

ಅವನ ಮುಖ ಬಿಳಿಚಿಕೊಂಡಿತು. "ಅಮ್ಮನ ಹತ್ರ ಏನಂತ ಮಾತಾಡ್ಲಿ?"

"ನನಗೋಸ್ಕರ ಮಾಸ್ಟರನ್ನೇ ಕೇಳಿದೋರು ನೀವು. ಅಮ್ಮನ್ನೂ ಹಾಗೇ ಕೇಳಿ."

"ಈ ಸಲವೂ ನಿಮಗೆ ಹೇಳದೇನಾ?"

"ಇಲ್ಲಪ್ಪ," ಎಂದು ಅವಳು ಅವನ ತೋಳಿಗೆ ತಲೆ ಆನಿಸಿದಳು. "ಈ ಸಲ ನಾನು ಪಕ್ಕದಲ್ಲೇ ಕೂತಿರ್ತೀನಿ."